ಡೆತ್ ವ್ಯಾಲಿಯ ಪೂರ್ವದ ಬೀಸಣಿಗೆಗಳು ಯಾಕೆ ಚಿಕ್ಕವು?

ನಿಮ್ಮ ಫೋಟೋ ನೋಡಿ ಖುಷಿಯಾಯಿತು ಸರ್. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಪೂರ್ವದ ಬೆಟ್ಟದ ಬುಡದ ಮೆಕ್ಕಲು ಬೀಸಣಿಗೆಗಳು (ಹಳ್ಳ ಬೆಟ್ಟದಿಂದ ಹೊರಬರುವಲ್ಲಿ ಬೀಸಣಿಗೆಯಂತೆ ಹರಡಿದ ಕಲ್ಲುಮಣ್ಣಿನ ರಾಶಿ) ಪುಟ್ಟವು, ಎದುರಿನ ಪಶ್ಚಿಮದವು ಭಾರೀ ದೊಡ್ಡವು. ಪೂರ್ವಕ್ಕೆ ಮಳೆ ಕಮ್ಮಿ, ಅದಕ್ಕೇ ಹೀಗಾ ಅಂತ ಕೇಳಿದ್ದೀರಿ.

ಮಳೆಯ ಪಾಲೂ ಇದೆ. ಪಶ್ಚಿಮದ ಪನಮಿಂಟ್ ಬೆಟ್ಟಸಾಲಿನ ಟೆಲಿಸ್ಕೋಪ್ ಪೀಕ್ 3,300 ಮೀಟರ್ ದಾಟುತ್ತದೆ. ಅಲ್ಲಿನ ಹಳ್ಳಗಳಿಗೆ ನೀರು ಕೂಡುವ ಜಾಗ ದೊಡ್ಡದು, ಕಲ್ಲುಮಣ್ಣು ಜಾಸ್ತಿ ಬರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದು ಬಿಟ್ಟುಹೋಗುತ್ತದೆ. ಅಲ್ಲಿ ನೆಲವೇ ಸುಮ್ನೆ ಕೂತಿಲ್ಲ.

ಪೂರ್ವದ ಬ್ಲ್ಯಾಕ್ ಮೌಂಟನ್ಸ್ ಬೆಟ್ಟಗಳ ಬುಡದಲ್ಲೇ ಫಾಲ್ಟ್, ಅಂದರೆ ಎರಡೂ ಬದಿಯ ನೆಲ ಜಾರುವ ಬಿರುಕು, ಇದೆ. ದೊಡ್ಡ ಭೂಕಂಪವಾದಾಗಲೆಲ್ಲ ಬೆಟ್ಟ ಏಳುತ್ತದೆ, ಕಣಿವೆಯ ತಳ ಕುಸಿಯುತ್ತದೆ. ಕುಸಿತ ಪೂರ್ವದ ಅಂಚಿನಲ್ಲೇ ಹೆಚ್ಚು, ಹಾಗಾಗಿ ಇಡೀ ತಳ ಆ ಕಡೆ ವಾಲಿದೆ. ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್ ಎಂಬ ತಗ್ಗು ಆ ಬುಡಕ್ಕೇ ಅಂಟಿಕೊಂಡಿದೆ ಅಲ್ವಾ, ಕಾರಣ ಇದೇ. ಹಳ್ಳ ತಂದು ಸುರಿದದ್ದೆಲ್ಲ ತಳದ ಜೊತೆ ಇಳಿದುಹೋಗುತ್ತದೆ. ಅದರ ಮೇಲೆ ಹೊಸ ಕಲ್ಲುಮಣ್ಣು, ಅಂಚಿನಲ್ಲಿ ಉಪ್ಪು. ನಿಮ್ಮ ಫೋಟೋದಲ್ಲಿ ಇರುವುದು ಮೇಲಿನ ಪದರ ಮಾತ್ರ, ಉಳಿದದ್ದು ಹೂತಿದೆ.

ಪಶ್ಚಿಮದಲ್ಲಿ ಉಲ್ಟಾ. ವಾಲಿದಷ್ಟೂ ಇಳಿಜಾರು ಕಡಿದಾಗಿ, ಹಳ್ಳ ತನ್ನದೇ ಹಳೆಯ ಹಾಸನ್ನು ಕೊರೆಯುತ್ತದೆ. ಹೊಸ ಹೊರೆ ಇನ್ನೂ ಕೆಳಗೆ ಹೋಗಿ ಬೀಳುತ್ತದೆ. ಹೀಗೆ ಬೀಸಣಿಗೆ ಕಣಿವೆಯ ಒಳಕ್ಕೆ ಚಾಚುತ್ತದೆ, ಅಕ್ಕಪಕ್ಕದವು ಕೂಡಿಕೊಳ್ಳುತ್ತವೆ.

ಸ್ಯಾಟಲೈಟ್ ಚಿತ್ರದಲ್ಲಿ ಪಶ್ಚಿಮದ ಹನೌಪಾ ಕ್ಯಾನ್ಯನ್ ಎಂಬ ಕಂದರದ ಬಾಯಿ ಹುಡುಕಿ. ಕಪ್ಪಾದ ತುಂಡುಗಳು ಹಳೆಯ ಹಾಸು. ಕಲ್ಲುಗಳ ಮೇಲೆ ಕಬ್ಬಿಣ, ಮ್ಯಾಂಗನೀಸಿನ ತೆಳು ಲೇಪ ಕೂರಲು ಸಾವಿರಾರು ವರ್ಷ ಬೇಕು. ತಿಳಿ ಬಣ್ಣದ ಪಟ್ಟಿಗಳು ಈಚಿನ ಹರಿವಿನವು. ಇಳಿಜಾರಿನುದ್ದಕ್ಕೂ ಇಳಿಯುವ ಗೆರೆ ಹಳ್ಳದ್ದು. ಹಳ್ಳಗಳಿಗೆ ಅಡ್ಡಲಾಗಿ ಮೆಟ್ಟಿಲಿನಂತೆ ಎದ್ದ ಗೆರೆ ಕಂಡರೆ ಫಾಲ್ಟ್ ಇರಬಹುದೆಂದು ಗುರುತು ಹಾಕಿಕೊಳ್ಳಿ. ಬ್ಯಾಡ್‌ವಾಟರ್ ಬೀಸಣಿಗೆಯ ಮೇಲೂ ಅಂಥ ಮೆಟ್ಟಿಲಿದೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ. ಎರಡೂ ಕಡೆ ಹೋಲಿಸಿ ನೋಡಲು ಬ್ಲ್ಯಾಕ್ ಮೌಂಟನ್ಸ್ ಮೇಲಿನ ಡಾಂಟೆಸ್ ವ್ಯೂಗಿಂತ ಒಳ್ಳೆಯ ಜಾಗ ಇಲ್ಲ.

ಒಂದು ಎಚ್ಚರ. ಹಳ್ಳ ಆಳವಾಗಿ ಕೊರೆದಿದ್ದರೆ ನೆಲ ಎದ್ದಿದೆ ಎಂದೇ ತೀರ್ಮಾನಿಸಬೇಡಿ. 1941ರಲ್ಲಿ ಫರ್ನೇಸ್ ಕ್ರೀಕ್ ಹಳ್ಳದ ಪ್ರವಾಹವನ್ನು ಗೋವರ್ ಗಲ್ಚ್ ಎಂಬ ಪಕ್ಕದ ಕಂದರಕ್ಕೆ ತಿರುಗಿಸಿದರು. ಅಲ್ಲಿನ ಬೀಸಣಿಗೆಯ ತಲೆಯನ್ನು ಕೊರೆದದ್ದು ಹೀಗೆ ಹೆಚ್ಚಿದ ನೀರು, ಭೂಕಂಪ ಅಲ್ಲ.

ಇನ್ನು ಹೋಗುವುದೇ ಆದರೆ, ಒಣಗಿದ ಹಳ್ಳದಲ್ಲಿ ಗಾಡಿ ನಿಲ್ಲಿಸಬೇಡಿ. ವರ್ಷಕ್ಕೆ ಸುಮಾರು 55 ಮಿ.ಮೀ. ಮಳೆ ಬೀಳುವ ಫರ್ನೇಸ್ ಕ್ರೀಕ್‌ನಲ್ಲಿ 2022ರ ಆಗಸ್ಟ್ 5ರಂದು ಒಂದೇ ದಿನ 37 ಮಿ.ಮೀ. ಸುರಿದು, ಹತ್ತಾರು ಕಾರುಗಳು ಕಲ್ಲುಮಣ್ಣಿನಲ್ಲಿ ಸಿಕ್ಕಿಕೊಂಡವು. ಬೀಸಣಿಗೆ ಬೆಳೆಯುವುದು ಇಂಥ ದಿನಗಳಲ್ಲೇ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಬೆಟ್ಟದ ಮೇಲೆ ಮೋಡ ಕಟ್ಟಿದ್ದರೆ ಹಳ್ಳ ಬಿಟ್ಟು ಮೇಲೆ ಬಂದುಬಿಡಿ.