ಲೋಕಲ್ ಹಿಡಿಯುವ ಮುಂಚೆ ತಿನ್ನಲು ಯಾವ ಮ್ಯೂಸ್ಲಿ ಒಳ್ಳೆಯದು?

ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿಗೆ ಲೋಕಲ್ ರೈಲಿನಲ್ಲಿ ಹೋಗುತ್ತೇನೆ, ವಡಾಪಾವ್ ಬಿಡಬೇಕು, ಯಾವ ಕಂಪನಿಯ ಮ್ಯೂಸ್ಲಿ (ಓಟ್ಸ್, ಒಣಹಣ್ಣು, ಬೀಜ ಬೆರೆಸಿದ ಪ್ಯಾಕೆಟ್ ತಿಂಡಿ) ತರಲಿ ಅಂತ ಕೇಳಿದ್ದೀರಿ. ಯಾವುದನ್ನೂ ತರಬೇಡಿ. ನಾನೂ ಅದೇ ಲೈನಿನವನು, ಅದೇ ಯೋಚನೆ ಮಾಡಿದ್ದವನು.

ಅಪ್ಪನಿಗೆ ಶುಗರ್ ಇತ್ತು. ಮೂವತ್ತು ದಾಟಿದ ಮೇಲೆ ನನಗೂ ಹೆದರಿಕೆ ಶುರುವಾಯಿತು. ಸ್ಟೇಷನ್ ಹೊರಗಿನ ವಡಾಪಾವ್ ಬಿಟ್ಟೆ, ಸರಿ. ಆದರೆ ಮನೆಯ ಅವಲಕ್ಕಿ, ಉಪ್ಪಿಟ್ಟನ್ನೂ ಬಿಟ್ಟು, ಹಣ್ಣು ಮತ್ತು ಜೇನು ಸೇರಿಸಿದ ಮ್ಯೂಸ್ಲಿ, ಜೊತೆಗೊಂದು ಲೋಟ ಡಬ್ಬದ ಕಿತ್ತಳೆ ಜ್ಯೂಸ್ ಶುರು ಮಾಡಿದೆ. ಠಾಣೆ ದಾಟುವಷ್ಟರಲ್ಲಿ ಹಸಿವು. ಆಫೀಸ್ ಮುಟ್ಟಿದ ಕೂಡಲೇ ಚಹಾ, ಬಿಸ್ಕತ್ತು. ಮುಂದಿನ ಚೆಕಪ್‌ನಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, ಶೇಕಡಾ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಪ್ರಿಡಯಾಬಿಟಿಸ್, ಸಕ್ಕರೆ ಕಾಯಿಲೆಯ ಹಿಂದಿನ ಹಂತ.

ತಪ್ಪಿದ್ದು ಎಲ್ಲಿ ಅಂದರೆ, ನಾನು ಪ್ಯಾಕೆಟ್ಟಿನ ಮುಂಭಾಗ ಮಾತ್ರ ಓದುತ್ತಿದ್ದೆ. ಮುಂದೆ ಬಾದಾಮಿ ಚಿತ್ರ, ಫೈಬರ್ ಜಾಸ್ತಿ ಅಂತ ದೊಡ್ಡ ಅಕ್ಷರ. ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅಂತ ನಮ್ಮಲ್ಲಿ ನಿಯಮವಿದೆ. ನನ್ನ ಪ್ಯಾಕೆಟ್ಟಿನಲ್ಲಿ ಸಕ್ಕರೆ ಮೂರನೆಯದು, ಬಾದಾಮಿ ಎಲ್ಲೋ ಕೊನೆಗೆ. ನಡುವೆ ಜೇನು, ಗ್ಲೂಕೋಸ್ ಸಿರಪ್ ಅಂತ ಬೇರೆ ಬೇರೆ ಹೆಸರು, ಅವೂ ಸಕ್ಕರೆಯೇ. ಸಕ್ಕರೆ ಎಷ್ಟು ಅನ್ನುವ ಲೆಕ್ಕ ಕೊಟ್ಟಿದ್ದು 30 ಗ್ರಾಂ ಮ್ಯೂಸ್ಲಿಗೆ. ನನ್ನ ಬಟ್ಟಲಿಗೆ ಅದರ ಎರಡರಷ್ಟು ಬೀಳುತ್ತಿತ್ತು, ತಕ್ಕಡಿಯಲ್ಲಿ ಇಟ್ಟು ನೋಡುವವರೆಗೂ ಗೊತ್ತೇ ಇರಲಿಲ್ಲ. ಇನ್ನು ಜ್ಯೂಸ್. ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ, ಜೇನು, ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಸೇರಿಸಿ. ಒಂದು ದೊಡ್ಡ ಲೋಟ ಜ್ಯೂಸಿಗೆ ಅಷ್ಟೂ ಹತ್ತಿರ ಹತ್ತಿರ ಮುಗಿದೇ ಹೋಗುತ್ತದೆ.

ಹಾಗಾಗಿ ಯಾವ ಕಂಪನಿ ಅನ್ನುವ ಪ್ರಶ್ನೆಯನ್ನೇ ಬಿಡಿ. ಅವಲಕ್ಕಿ ತಿನ್ನಿ. ಬರೀ ಅವಲಕ್ಕಿ ಬೇಡ, ಅರ್ಧದಷ್ಟು ಕಾಳು ಇರಲಿ, ಮೇಲೊಂದು ಮುಷ್ಟಿ ಶೇಂಗಾ. ಇಲ್ಲಿನ ಭಾಜಿ (ತರಕಾರಿ) ಮಾರ್ಕೆಟ್ಟಿನಲ್ಲಿ ಮೊಳಕೆ ಬಂದ ಮಟಕಿ (ಮಡಿಕೆಕಾಳು), ಹೆಸರುಕಾಳು ರೆಡಿ ಸಿಗುತ್ತವೆ. ರಾತ್ರಿಯೇ ಬೇಯಿಸಿ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಒಗ್ಗರಣೆಗೆ ಹತ್ತು ನಿಮಿಷ ಸಾಕು. ಥಾಲಿಪೀಠ ಅನ್ನುವ ಮರಾಠಿ ರೊಟ್ಟಿಗೆ ಬಳಸುವ, ಹುರಿದು ಬೀಸಿದ ಭಾಜಣಿ ಹಿಟ್ಟೂ ಒಳ್ಳೆಯದೇ, ಅದರಲ್ಲಿ ಧಾನ್ಯ, ಬೇಳೆ ಎರಡೂ ಇರುತ್ತವೆ. ಮಾಟುಂಗಾದ ಕಡೆ ಹೋದರೆ ಇಡ್ಲಿ ತಿನ್ನಬೇಡಿ ಅಂತ ನಾನಂತೂ ಹೇಳುವುದಿಲ್ಲ, ಎರಡಕ್ಕೆ ನಿಲ್ಲಿಸಿ, ಸಾಂಬಾರ್ ಜಾಸ್ತಿ ಹಾಕಿಸಿಕೊಳ್ಳಿ. ವಡಾಪಾವ್ ವಾರಕ್ಕೊಮ್ಮೆ ತಿಂದರೆ ಏನೂ ಆಗದು. ದಿನಾ ಆ ಮ್ಯೂಸ್ಲಿ ತಿಂದದ್ದೇ ನನಗೆ ಜಾಸ್ತಿ ಕೆಡುಕು ಮಾಡಿತು ಅಂತ ಇವತ್ತಿಗೂ ನಂಬಿದ್ದೇನೆ.

ಪಿಜಿಯಲ್ಲಿದ್ದು ಒಲೆ ಇಲ್ಲದಿದ್ದರೆ ಒಂದು ಎಲೆಕ್ಟ್ರಿಕ್ ಎಗ್ ಬಾಯ್ಲರ್ ತನ್ನಿ. ಮೊಟ್ಟೆ ತಿನ್ನುವವರಾದರೆ ಎರಡು ಮೊಟ್ಟೆಗೆ ಸುಮಾರು 12 ಗ್ರಾಂ ಪ್ರೊಟೀನ್ ಸಿಗುತ್ತದೆ. ಜೊತೆಗೊಂದು ಬಾಳೆಹಣ್ಣು ತಿಂದು ಹೊರಡಿ, ದಾದರ್‌ವರೆಗೂ ಹೊಟ್ಟೆ ಕೇಳುವುದಿಲ್ಲ.