ಗೋಲ್‌ಕೀಪರ್ ಹುಡುಗ ಮುಂದೆ ಬರುತ್ತಾನೋ ಇಲ್ಲವೋ, ಹೇಗೆ ಗೊತ್ತಾಗುತ್ತೆ?

ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿರುವ ನಿಮ್ಮ ಹದಿನೈದರ ಮಗ ಹಾರಿ ಹಾರಿ ಚೆಂಡು ಹಿಡಿಯುತ್ತಾನೆ, ಅಂತಾರಾಷ್ಟ್ರೀಯ ಮಟ್ಟಕ್ಕೆ ಹೋದಾನಾ ಅಂತ ಕೇಳಿದ್ದೀರಿ. ಹಾರುವುದನ್ನು ಬಿಡಿ ಸರ್, ಅದು ವಿಡಿಯೋಗೆ ಚೆಂದ. ಎದುರಾಳಿ ಒದೆಯುವ ಕ್ಷಣದಲ್ಲಿ ಇವನ ಕಾಲು ನೋಡಿ. ಹಿಮ್ಮಡಿ ನೆಲಕ್ಕೆ ಊರಿದ್ದರೆ ತಡವಾಯಿತೆಂದೇ ಲೆಕ್ಕ. ಸರಿಯಾದ ಜಾಗದಲ್ಲಿ ನಿಂತವನಿಗೆ ಹಾರುವ ಪ್ರಮೇಯವೇ ಕಡಿಮೆ. ಕಾರ್ನರ್ (ಮೈದಾನದ ಮೂಲೆಯಿಂದ ಎದುರಾಳಿ ಒದೆಯುವ ಚೆಂಡು) ಬಂದಾಗ ಗುಂಪಿನೊಳಗೆ ನುಗ್ಗುತ್ತಾನೋ, ಗೋಲು ಗೆರೆಗೇ ಅಂಟಿಕೊಳ್ಳುತ್ತಾನೋ? ಗೋಲು ಬಿಟ್ಟುಕೊಟ್ಟ ಮೇಲಿನ ಐದು ನಿಮಿಷ ಹೇಗೆ ಆಡುತ್ತಾನೆ? ನನ್ನ ಮಟ್ಟಿಗೆ ಇದೇ ದೊಡ್ಡ ಪರೀಕ್ಷೆ. ಎತ್ತರವೂ ಬೇಕು, ಆದರೆ ಈಗಲೇ ಟೇಪು ಹಿಡಿಯಬೇಡಿ.

ಅವಕಾಶ ಸಿಗುವ ವಯಸ್ಸೂ ಒಬ್ಬೊಬ್ಬರಿಗೆ ಒಂದೊಂದು. ಇಟಲಿಯ ಗೋಲ್‌ಕೀಪರ್ ಡೊನ್ನರುಮ್ಮಾ 16ನೇ ವಯಸ್ಸಿಗೇ ಅಲ್ಲಿನ ಎಸಿ ಮಿಲಾನ್ ಕ್ಲಬ್ ಪರ ಆಡಿದ, ನಿಜ. ಆದರೆ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಝ್‌ಗೆ ಅರ್ಜೆಂಟೀನಾ ಪರ ಮೊದಲ ಪಂದ್ಯ ಸಿಕ್ಕಿದ್ದು 28ಕ್ಕೆ, 2021ರಲ್ಲಿ. ಮರುವರ್ಷವೇ ವಿಶ್ವಕಪ್ ಜೊತೆಗೆ ಗೋಲ್ಡನ್ ಗ್ಲೌ, ಅಂದರೆ ಟೂರ್ನಿಯ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ.