ನೇಮ್‌ಸರ್ವರ್ ಬದಲಾಯಿಸಿದರೂ ರಿವರ್ಸ್ ಡಿಎನ್‌ಎಸ್ ಹಳೇದನ್ನೇ ತೋರಿಸುತ್ತಿದೆ, ಏನು ಮಾಡಲಿ?

ಡೊಮೈನ್ ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲಿ ಹೊಸ ನೇಮ್‌ಸರ್ವರ್ ಹಾಕಿದ್ದೀರಿ, ಆದರೂ ಫ್ರಾಂಕ್‌ಫರ್ಟ್‌ನಲ್ಲಿರುವ ನಿಮ್ಮ /24 ಬ್ಲಾಕ್‌ಗೆ (256 ಐಪಿ ವಿಳಾಸಗಳ ಗುಂಪಿಗೆ) ಹಳೇ ಸರ್ವರ್‌ಗಳೇ ಉತ್ತರ ಕೊಡುತ್ತಿವೆ, ಅಲ್ವಾ? ನೀವು ಬದಲಾಯಿಸಿದ ಜಾಗ ಬೇರೆ, ಅಷ್ಟೇ. ಐಪಿಯಿಂದ ಹೆಸರು ಹುಡುಕುವ ದಾರಿಗೆ, ಅಂದರೆ ರಿವರ್ಸ್ ಡಿಎನ್‌ಎಸ್‌ಗೆ, ಡೊಮೈನ್ ಮಾರಿದವರ ಸಂಬಂಧವೇ ಇಲ್ಲ. ಅದು ಐಪಿ ಹಂಚಿದ ರಿಜಿಸ್ಟ್ರಿಯ ಕೈಯಲ್ಲಿರುತ್ತದೆ. ಯುರೋಪಿನ ಬ್ಲಾಕ್ ಆದ್ದರಿಂದ ನೀವು ಹೋಗಬೇಕಾದ್ದು ಅಲ್ಲಿನ ಐಪಿ ರಿಜಿಸ್ಟ್ರಿಯಾದ ರೈಪ್ ಎನ್‌ಸಿಸಿಯ ಡೇಟಾಬೇಸ್‌ಗೆ.

ಅಲ್ಲಿ ನಿಮ್ಮ ಬ್ಲಾಕ್‌ನ ಹೆಸರಲ್ಲಿ ಒಂದು 'ಡೊಮೈನ್' ಆಬ್ಜೆಕ್ಟ್ (ದಾಖಲೆ) ಇರುತ್ತದೆ. ಬ್ಲಾಕ್ 192.0.2.0/24 ಅಂದುಕೊಳ್ಳಿ, ಆಗ ಆಬ್ಜೆಕ್ಟ್‌ನ ಹೆಸರು ಅಂಕಿಗಳನ್ನು ತಿರುಗಿಸಿ 2.0.192, ಕೊನೆಗೆ ಇನ್-ಅಡ್ರ್.ಅರ್ಪಾ. ಅದರೊಳಗೆ ನೇಮ್‌ಸರ್ವರ್ ಹೆಸರಿರುವ 'ಎನ್‌ಸರ್ವರ್' ಸಾಲುಗಳನ್ನೇ ನೀವು ಬದಲಾಯಿಸಬೇಕು.

ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲಿ. ಇರುವ ಆಬ್ಜೆಕ್ಟ್ ತಿದ್ದಲು ಅದರ 'ಎಂಎನ್‌ಟಿ-ಬೈ' ಸಾಲಿನಲ್ಲಿರುವ ಮೇಂಟೇನರ್‌ನ (ಅದನ್ನು ತಿದ್ದುವ ಹಕ್ಕಿರುವ ಖಾತೆಯ) ಅನುಮತಿ ಬೇಕು. ಹಿಂದಿನ ಪ್ರೊವೈಡರ್ ಅದನ್ನು ತಮ್ಮ ಮೇಂಟೇನರ್ ಹಾಕಿ ಮಾಡಿಟ್ಟಿದ್ದರೆ, ಬ್ಲಾಕ್ ನಿಮ್ಮದೇ ಆದರೂ ತಿದ್ದಲು ಬರುವುದಿಲ್ಲ. ಆದರೆ ಬ್ಲಾಕ್‌ನ ಮೇಂಟೇನರ್ ನಿಮ್ಮ ಕೈಯಲ್ಲಿದ್ದರೆ 'ರಿಕ್ಲೇಮ್' ಅನ್ನುವ ಸೌಲಭ್ಯದಿಂದ ಆ ಹಳೇ ಆಬ್ಜೆಕ್ಟ್ ಅಳಿಸಬಹುದು. ಅಳಿಸಲು ಮಾತ್ರ, ತಿದ್ದಲು ಅಲ್ಲ. ಅಳಿಸಿದ ಮೇಲೆ ನಿಮ್ಮ ಮೇಂಟೇನರ್ ಹಾಕಿ ಹೊಸದು ಮಾಡಿ. ನಡುವಿನ ಹೊತ್ತಿನಲ್ಲಿ ರಿವರ್ಸ್ ಡಿಎನ್‌ಎಸ್ ಕೈಕೊಡುತ್ತದೆ, ಹಾಗಾಗಿ ಮೊದಲು ಪ್ರೊವೈಡರ್‌ಗೆ ಒಂದು ಮೇಲ್ ಹಾಕಿ ಕೇಳುವುದೇ ಒಳ್ಳೆಯದು.

ಇನ್ನೊಂದು ವಿಷಯ, ಹೊಸ ಸರ್ವರ್‌ಗಳಲ್ಲಿ ಝೋನ್ (ನಿಮ್ಮ ಬ್ಲಾಕ್‌ನ ಐಪಿ-ಹೆಸರು ದಾಖಲೆಗಳ ಪಟ್ಟಿ) ಮೊದಲೇ ಸಿದ್ಧವಾಗಿರಬೇಕು. 'ಎನ್‌ಸರ್ವರ್' ಬದಲಾಯಿಸಿದರೆ ರಿಜಿಸ್ಟ್ರಿ ಆ ಸರ್ವರ್‌ಗಳನ್ನು ಪರೀಕ್ಷೆ ಮಾಡುತ್ತದೆ. ಅವು ಆ ಝೋನ್‌ಗೆ ಅಧಿಕೃತವಾಗಿ ಉತ್ತರ ಕೊಡದಿದ್ದರೆ ಅಪ್‌ಡೇಟ್ ತಿರಸ್ಕಾರ ಆಗುತ್ತದೆ. ಫೈರ್‌ವಾಲ್‌ನಲ್ಲಿ 53ನೇ ಪೋರ್ಟ್ ಯುಡಿಪಿಗೆ ಮಾತ್ರ ಬಿಟ್ಟು ಟಿಸಿಪಿ ಮುಚ್ಚಿರುವವರು ಬಹಳ ಮಂದಿ, ಅದನ್ನೂ ತೆರೆಯಿರಿ. ಎರಡು ಸರ್ವರ್ ಇರಲಿ, ಎರಡೂ ಒಂದೇ ಮೆಷಿನ್‌ನಲ್ಲಿ ಬೇಡ.

ಹಳೇ ಸರ್ವರ್ ಮಾತ್ರ ತಕ್ಷಣ ಆಫ್ ಮಾಡಬೇಡಿ. ನಾನು ಒಮ್ಮೆ ಅಪ್‌ಡೇಟ್ ಒಪ್ಪಿಗೆಯಾದ ಸಂಜೆಯೇ ಆಫ್ ಮಾಡಿಬಿಟ್ಟೆ. ಎಷ್ಟೋ ಕಡೆ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಹಳೇ ಸರ್ವರ್‌ಗಳ ಹೆಸರೇ ಕೂತಿತ್ತು, ಬೆಳಗ್ಗೆ ನೋಡಿದರೆ ನಮ್ಮ ಮೇಲ್‌ಗಳು ಒಂದೊಂದಾಗಿ ವಾಪಸ್ ಬರುತ್ತಿದ್ದವು. ಪಿಟಿಆರ್ (ಐಪಿಗೆ ಹೆಸರು ಹೇಳುವ ದಾಖಲೆ) ಸರಿ ಇಲ್ಲದ ಸರ್ವರ್‌ನಿಂದ ಬಂದ ಮೇಲ್‌ ಮೇಲೆ ಜಿಮೇಲ್ 2024ರ ಫೆಬ್ರವರಿಯಿಂದ ಇನ್ನೂ ಬಿಗಿಯಾಗಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಡಿಎನ್‌ಎಸ್ ವಿಚಾರಿಸುವ ಡಿಗ್ ಕಮಾಂಡ್‌ನಲ್ಲಿ ಹಳೇ ಎನ್‌ಎಸ್ (ನೇಮ್‌ಸರ್ವರ್) ದಾಖಲೆಯ ಟಿಟಿಎಲ್, ಅಂದರೆ ಅದು ಕ್ಯಾಶ್‌ನಲ್ಲಿ ಉಳಿಯುವ ಅವಧಿ, ನೋಡಿ, ಅಷ್ಟು ಹೊತ್ತು ಕಳೆದ ಮೇಲೂ ಒಂದೆರಡು ದಿನ ಹಳೇದು ಓಡುತ್ತಿರಲಿ.

ಮೊದಲು ರಿಜಿಸ್ಟ್ರಿ ದಾಖಲೆ ಹುಡುಕುವ ಹೂಯಿಸ್‌ನಲ್ಲಿ ಆ ಡೊಮೈನ್ ಆಬ್ಜೆಕ್ಟ್ ಹುಡುಕಿ, 'ಎಂಎನ್‌ಟಿ-ಬೈ' ಸಾಲಿನಲ್ಲಿ ಯಾರ ಮೇಂಟೇನರ್ ಇದೆ ಅಂತ ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ಮುಂದಿನದನ್ನು ನೋಡೋಣ.